ಇನುಯಿಟ್ ಚಿತ್ರದಲ್ಲಿ ಹಿಮ ಎಲ್ಲಿ ಹೋಯಿತು?

ಪ್ರಶ್ನೆ: ನಾವು ಕೆನಡಾದ ಮಿಸ್ಸಿಸಾಗಾದಲ್ಲಿದ್ದೇವೆ. ಏಳನೇ ಕ್ಲಾಸಿನ ಮಗಳಿಗೆ ಶಾಲೆಯಲ್ಲಿ ಇಂದಿನ ಇನುಯಿಟ್ (ಉತ್ತರದ ಹಿಮಪ್ರದೇಶದ ಮೂಲನಿವಾಸಿಗಳು) ಚಿತ್ರಕಾರರ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಗ್ಯಾಲರಿಗೆ ಕರೆದುಕೊಂಡು ಹೋದೆ. ಹಿಮ, ಇಗ್ಲೂ, ಬಿಳಿ ಕರಡಿ ಇರುತ್ತದೆ ಅಂದುಕೊಂಡಿದ್ದೆವು. ಆದರೆ ಆನಿ ಪೂಟೂಗೂಕ್ ಎನ್ನುವವರ ಚಿತ್ರದಲ್ಲಿ ಒಂದು ಕುಟುಂಬ ಮನೆಯೊಳಗೆ ನೆಲದ ಮೇಲೆ ಕೂತು ಮಾಂಸ ತಿನ್ನುತ್ತಿತ್ತು, ಅಷ್ಟೇ. ಮಗಳು ಬಣ್ಣದ ಪೆನ್ಸಿಲ್‌ನಲ್ಲಿ ಬರೆದ ಹಾಗಿದೆ ಎಂದಳು. ಇದರಲ್ಲಿ ಉತ್ತರದ ನೆಲ ಎಲ್ಲಿದೆ? ನಾವು ಯಾರ ಚಿತ್ರಗಳನ್ನು ನೋಡಬೇಕು? ಮನೆಗೆ ಒಂದು ಸಣ್ಣ ಚಿತ್ರ ಕೊಳ್ಳುವ ಆಸೆಯೂ ಇದೆ. ಅಸಲಿ ಎಂದು ಗೊತ್ತಾಗುವುದು ಹೇಗೆ?

ಉತ್ತರ: ಮೊದಲು ಆ ಚಿತ್ರದ ಎದುರಿಗೇ ಇನ್ನೊಮ್ಮೆ ನಿಲ್ಲೋಣ. ಆನಿ ಇಂಥ ಊಟದ ಚಿತ್ರಗಳನ್ನು ಹಲವು ಬರೆದಿದ್ದಾರೆ. ನೆಲಕ್ಕೆ ರಟ್ಟು ಹಾಸಿರುತ್ತಾರೆ. ಅದರ ಮೇಲೆ ಸೀಲ್ ಎಂಬ ಕಡಲ ಪ್ರಾಣಿಯ ಮಾಂಸ. ಸುತ್ತ ಮನೆಯವರು. ಹೆಂಗಸರ ಕೈಯಲ್ಲಿ ಅರ್ಧಚಂದ್ರದ ಆಕಾರದ ಒಂದು ಚಾಕು. ಅದಕ್ಕೆ ಊಲು ಅನ್ನುತ್ತಾರೆ. ನಮ್ಮ ಅಜ್ಜಿಯರಿಗೆ ಈಳಿಗೆಮಣೆ ಹೇಗೋ ಅವರಿಗೆ ಇದು ಹಾಗೆ. ಹಿಂದೆ ಗೋಡೆ, ಗೋಡೆಯಲ್ಲಿ ಗಡಿಯಾರ, ಒಂದು ಪ್ಲಗ್ ಪಾಯಿಂಟ್. ಎಲ್ಲವನ್ನೂ ಕಪ್ಪು ಪೆನ್ನಿನ ಸ್ಪಷ್ಟ ಗೆರೆಯಲ್ಲಿ ಬರೆದು, ಒಳಗೆ ಬಣ್ಣದ ಪೆನ್ಸಿಲ್ ತುಂಬಿದ್ದಾರೆ. ನಿಮ್ಮ ಮಗಳು ಸರಿಯಾಗಿಯೇ ನೋಡಿದ್ದಾಳೆ.

ಈಗ ಒಂದು ಪ್ರಶ್ನೆ ಕೇಳಿಕೊಳ್ಳಿ. ಆ ಮಾಂಸ ಎಲ್ಲಿಂದ ಬಂತು? ಯಾರೋ ಒಬ್ಬರು ಮಂಜುಗಟ್ಟಿದ ಕಡಲಿಗೆ ಹೋಗಿ, ಗಂಟೆಗಟ್ಟಲೆ ಕಾದು ತಂದಿದ್ದಾರೆ. ತಂದದ್ದನ್ನು ಹಂಚಿಕೊಂಡು ತಿನ್ನುತ್ತಿದ್ದಾರೆ. ನೀವು ಹುಡುಕುತ್ತಿದ್ದ ಆ ಕಡಲು ರಟ್ಟಿನ ಮೇಲೇ ಬಂದು ಕೂತಿದೆ.

ಇನುಯಿಟ್ ಭಾಷೆಯಲ್ಲಿ ನೆಲಕ್ಕೆ ನುನಾ ಎನ್ನುತ್ತಾರೆ. 1999ರ ಏಪ್ರಿಲ್ 1ರಂದು ಹುಟ್ಟಿದ ನುನಾವುಟ್ ಪ್ರಾಂತ್ಯದ ಹೆಸರಿನ ಅರ್ಥ 'ನಮ್ಮ ನೆಲ'. ಅದು ಸುಮಾರು 20 ಲಕ್ಷ ಚದರ ಕಿಲೋಮೀಟರ್ ಇದೆ. ಹತ್ತು ಕರ್ನಾಟಕಗಳಷ್ಟು. 2021ರ ಜನಗಣತಿಯಲ್ಲಿ ಅಲ್ಲಿದ್ದ ಜನ ಸುಮಾರು 37 ಸಾವಿರ. ಇಷ್ಟು ಕಡಿಮೆ ಜನ ಇಷ್ಟು ದೊಡ್ಡ ಜಾಗದಲ್ಲಿ ಬದುಕುವಾಗ ನೆಲ ಎಂದರೆ ದೂರ ನಿಂತು ನೋಡುವ ನೋಟ ಆಗಿರಲು ಸಾಧ್ಯವಿಲ್ಲ. ಅದು ಊಟ, ಬಟ್ಟೆ, ದಾರಿ, ಭಯ, ಕಥೆ. ಹಾಗಾಗಿ ಅಲ್ಲಿಯ ಚಿತ್ರಗಳಲ್ಲಿ ನೆಲವನ್ನು ದಿಗಂತದಲ್ಲಿ ಮಾತ್ರ ಹುಡುಕಿದರೆ ಅರ್ಧ ಸಿಗುತ್ತದೆ. ಉಳಿದರ್ಧ ತಟ್ಟೆಯಲ್ಲಿ, ಉಡುಪಿನಲ್ಲಿ, ಅಂಗಳದಲ್ಲಿ ನಿಂತ, ಹಿಮದ ಮೇಲೆ ಓಡುವ ಸ್ನೋಮೊಬೈಲಿನಲ್ಲಿ ಇರುತ್ತದೆ. ಮಗಳ ಪ್ರಾಜೆಕ್ಟಿಗೆ ಇದೊಂದು ಎಳೆ ಸಾಕು ಎಂದು ನನಗನ್ನಿಸುತ್ತದೆ.

ಪೆನ್ಸಿಲ್ ಯಾಕೆ? ಅದಕ್ಕೊಂದು ಕಾರಣವಿದೆ. ನಾವು ಚಿತ್ರಕಾರ ಎಂದಾಗ ಕ್ಯಾನ್ವಾಸ್, ಎಣ್ಣೆಬಣ್ಣ, ಈಸೆಲ್ ನೆನಪಿಗೆ ಬರುತ್ತವೆ. ಆ ಕಡೆ ಮರವೇ ಬೆಳೆಯುವುದಿಲ್ಲ. ಎಲ್ಲ ಸಾಮಾನೂ ವಿಮಾನದಲ್ಲಿ ಬರಬೇಕು, ಇಲ್ಲವೇ ಬೇಸಿಗೆಯಲ್ಲಿ ಕಡಲು ಕರಗಿದಾಗ ಹಡಗಿನಲ್ಲಿ. ಕಾಗದ ಮತ್ತು ಪೆನ್ಸಿಲ್ ಹಗುರ. ಮನೆಯಲ್ಲೇ ಮಂಚದ ಮೇಲೆ ಕೂತು, ಮಕ್ಕಳನ್ನು ನೋಡಿಕೊಳ್ಳುತ್ತಾ ಬರೆಯಬಹುದು. ಅದಕ್ಕೇ ಅಲ್ಲಿ ರೇಖಾಚಿತ್ರ ಮತ್ತು ಪ್ರಿಂಟ್ ಇಷ್ಟು ಎತ್ತರಕ್ಕೆ ಬೆಳೆದಿವೆ. ಪೇಂಟಿಂಗ್ ಎಂಬ ಪದಕ್ಕೆ ಜೋತುಬಿದ್ದರೆ ಅಲ್ಲಿಯ ಅತ್ಯುತ್ತಮ ಕೆಲಸವೇ ಕೈತಪ್ಪಿ ಹೋಗುತ್ತದೆ.

ಈ ಕಥೆಯ ನಡುಮನೆ ಆನಿಯ ಊರು ಕಿಂಗೈಟ್. ನುನಾವುಟ್‌ನ ಬಾಫಿನ್ ದ್ವೀಪದ ದಕ್ಷಿಣ ತುದಿಯ ಪಕ್ಕದ ಒಂದು ಪುಟ್ಟ ದ್ವೀಪದ ಊರು. ಸುಮಾರು 1,400 ಜನ. ಹೆಸರಿನ ಅರ್ಥ ಬೆಟ್ಟಗಳು. 2020ರವರೆಗೆ ಅಧಿಕೃತ ಹೆಸರು ಕೇಪ್ ಡಾರ್ಸೆಟ್ ಎಂದಿತ್ತು. ಹಳೆಯ ಪ್ರಿಂಟುಗಳಲ್ಲಿ, ಪುಸ್ತಕಗಳಲ್ಲಿ ಆ ಹೆಸರೇ ಸಿಗುತ್ತದೆ, ಗೊಂದಲ ಬೇಡ. 1950ರ ದಶಕದಲ್ಲಿ ಅಲ್ಲಿಗೆ ಬಂದ ಜೇಮ್ಸ್ ಹೂಸ್ಟನ್ ಎಂಬ ಕಲಾವಿದ ಒಂದು ಘಟನೆ ಹೇಳಿಕೊಂಡಿದ್ದಾರೆ. ಓಶುಯಿಟೊಕ್ ಇಪೀಲಿ ಎಂಬ ಶಿಲ್ಪಿ ಎರಡು ಸಿಗರೇಟ್ ಪ್ಯಾಕುಗಳ ಮೇಲಿನ ನಾವಿಕನ ತಲೆಯನ್ನು ನೋಡುತ್ತಾ, ಪ್ರತಿಯೊಂದರಲ್ಲೂ ಇದೇ ತಲೆಯನ್ನು ಕೂತು ಬಿಡಿಸುವವನಿಗೆ ಎಷ್ಟು ಬೇಸರವಾಗಬೇಡ ಎಂದರಂತೆ. ಅಚ್ಚು ಎಂದರೇನು ಎಂದು ತೋರಿಸಲು ಹೂಸ್ಟನ್ ಅಲ್ಲೇ ಇದ್ದ ಕೆತ್ತಿದ ವಾಲ್ರಸ್ ದಂತಕ್ಕೆ ಮಸಿ ಹಚ್ಚಿ, ತೆಳು ಕಾಗದ ಒತ್ತಿ ಎತ್ತಿದರು. ನಾವೂ ಇದನ್ನು ಮಾಡಬಹುದು ಎಂದರಂತೆ ಇಪೀಲಿ. 1957ರಲ್ಲಿ ಕೆಲಸ ಶುರುವಾಯಿತು. ಮರುವರ್ಷ ಹೂಸ್ಟನ್ ಜಪಾನಿಗೆ ಹೋಗಿ, ಉನ್‌ಇಚಿ ಹಿರಾತ್ಸುಕಾ ಎಂಬ ಮರದಚ್ಚಿನ ಗುರುವಿನ ಬಳಿ ಕಲಿತು ಬಂದರು. 1959ರಲ್ಲಿ ಸಹಕಾರ ಸಂಘ ಹುಟ್ಟಿತು. ನಮ್ಮ ಕಡೆ ಸೊಸೈಟಿ ಅನ್ನುತ್ತೇವಲ್ಲ, ಅದೇ. ಇವತ್ತಿಗೂ ಅದು ನಡೆಯುತ್ತಿದೆ. ಚಿತ್ರ ಬರೆದು ತಂದರೆ ಸೊಸೈಟಿ ಕೊಂಡುಕೊಳ್ಳುತ್ತದೆ. ಬಂದ ದುಡ್ಡು ಪೆಟ್ರೋಲಿಗೆ, ಬಂದೂಕಿನ ಗುಂಡಿಗೆ, ದಿನಸಿಗೆ ಹೋಗುತ್ತದೆ. ಪೆಟ್ರೋಲು, ಗುಂಡು ಇದ್ದರೆ ಮತ್ತೆ ಬೇಟೆ.

ನಾನು ಸ್ವತಃ ಮರದಚ್ಚಿನ ಕೆಲಸ ಮಾಡುವವಳು. ಹಾಗಾಗಿ ಅವರ ಕಲ್ಲಿನ ಕೆಲಸದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಕನ್ನಡದಲ್ಲಿ ಕಲ್ಲಚ್ಚು ಎಂದರೆ ಹಳೆಯ ಕಾಲದ ಲಿಥೋ. ಅದರಲ್ಲಿ ಕಲ್ಲು ನುಣುಪಾಗಿಯೇ ಇರುತ್ತದೆ, ಜಿಡ್ಡು ಮತ್ತು ನೀರಿನ ಆಟದಿಂದ ಅಚ್ಚು ಮೂಡುತ್ತದೆ. ಕಿಂಗೈಟಿನವರು ಕಲ್ಲನ್ನೇ ಕೆತ್ತುತ್ತಾರೆ. ಚಪ್ಪಟೆ ಮಾಡಿದ ಕಲ್ಲಿನ ಮೇಲೆ ಚಿತ್ರದ ಗೆರೆ ಇಳಿಸಿಕೊಂಡು, ಮಸಿ ಬೇಡವಾದ ಕಡೆಯೆಲ್ಲ ಉಳಿಯಿಂದ ತೆಗೆಯುತ್ತಾರೆ. ಉಳಿದ ಉಬ್ಬಿನ ಮೇಲೆ ರೋಲರಿನಿಂದ ಬಣ್ಣ. ಮೇಲೆ ತೆಳುವಾದ ಜಪಾನಿ ಕಾಗದ. ಆಮೇಲೆ ಪ್ರೆಸ್ ಇಲ್ಲ, ಏನಿಲ್ಲ. ಕೈಯಿಂದಲೇ ಉಜ್ಜುವುದು. ಮರದಲ್ಲಿ ಎಳೆ ಇರುತ್ತದೆ, ಉಳಿ ಅದರ ಜೊತೆ ಹೋಗುತ್ತದೆ. ಕಲ್ಲು ಹಾಗೆ ಸಹಕರಿಸುವುದಿಲ್ಲ. ಸ್ವಲ್ಪ ಜೋರಾದರೆ ಅಂಚು ಚಕ್ಕೆಯೇಳುತ್ತದೆ, ಅಲ್ಲಿಗೆ ವಾರಗಳ ಕೆಲಸ ಹೋಯಿತು. ಸಾಮಾನ್ಯವಾಗಿ 50 ಪ್ರತಿ ತೆಗೆದು, ಮತ್ತೆ ಅಚ್ಚು ಹಾಕಲಾಗದಂತೆ ಕಲ್ಲಿನ ಮೇಲಿನ ಚಿತ್ರವನ್ನು ಅಳಿಸಿಬಿಡುತ್ತಾರೆ. ಬರೆದವರು ಒಬ್ಬರು, ಕೆತ್ತಿ ಅಚ್ಚು ಹಾಕಿದವರು ಇನ್ನೊಬ್ಬರು. ಇಬ್ಬರ ಗುರುತೂ ಕಾಗದದ ಮೇಲಿರುತ್ತದೆ. ನನಗೆ ಇದು ತುಂಬಾ ಇಷ್ಟವಾದ ಪದ್ಧತಿ.

ಹೀಗೆ ಬಂದದ್ದೇ ಕೆನೊಜುವಾಕ್ ಆಶೆವಾಕ್ ಅವರ ಗೂಬೆ. 1960ರ ಪ್ರಿಂಟ್, ಹೆಸರು 'ಮಾಯದ ಗೂಬೆ'. ನಡುವೆ ದುಂಡು ಕಣ್ಣಿನ ಹಕ್ಕಿ, ಗರಿಗಳು ಸೂರ್ಯನ ಕಿರಣದ ಹಾಗೆ ಕಾಗದದ ಅಂಚಿನವರೆಗೆ ಚಾಚಿಕೊಂಡಿವೆ. 1970ರಲ್ಲಿ ಕೆನಡಾದ ಅಂಚೆಚೀಟಿಯ ಮೇಲೆ ಬಂತು. 2018ರಲ್ಲಿ ಇದರ ಒಂದು ಪ್ರತಿ ಹರಾಜಿನಲ್ಲಿ 2 ಲಕ್ಷ ಡಾಲರ್ ದಾಟಿತು. ಕೆನೊಜುವಾಕ್ ಹುಟ್ಟಿದ್ದು 1927ರಲ್ಲಿ, ಬೇಟೆಗಾರರ ಬಿಡಾರದಲ್ಲಿ. 1950ರ ದಶಕದ ಶುರುವಿನಲ್ಲಿ ಕ್ಷಯ ಎಂದು ಅವರನ್ನು ಕ್ವಿಬೆಕ್ ನಗರದ ಆಸ್ಪತ್ರೆಗೆ ಕರೆದೊಯ್ದರು. ಮನೆಮಕ್ಕಳನ್ನು ಬಿಟ್ಟು ಸುಮಾರು ಮೂರು ವರ್ಷ ಅಲ್ಲೇ ಇರಬೇಕಾಯಿತು. ಆ ಗೂಬೆಯ ಗರಿಗಳಷ್ಟು ಬೆಳಕು ಆ ವರ್ಷಗಳ ನಂತರ ಬಂದದ್ದು ಎಂದು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. 2013ರಲ್ಲಿ ತೀರಿಕೊಳ್ಳುವವರೆಗೂ ಅವರು ಬರೆಯುತ್ತಲೇ ಇದ್ದರು. ನಿಮ್ಮ ಮನೆಯಲ್ಲಿ 2017ರ ವಿಶೇಷ ಹತ್ತು ಡಾಲರ್ ನೋಟು ಎಲ್ಲಾದರೂ ಇದ್ದರೆ ತೆಗೆದು ನೋಡಿ. ಅದರಲ್ಲೂ ಅವರದೇ ಗೂಬೆ.

ಗಮನಿಸಿ, ಆ ಗೂಬೆಯ ಸುತ್ತ ನೆಲವೂ ಇಲ್ಲ, ಆಕಾಶವೂ ಇಲ್ಲ. ಹಳೆಯ ತಲೆಮಾರಿನ ಎಷ್ಟೋ ಚಿತ್ರಗಳು ಹೀಗೇ. ಖಾಲಿ ಕಾಗದ, ನಡುವೆ ಪ್ರಾಣಿ ಅಥವಾ ಮನುಷ್ಯ. ಆ ಖಾಲಿಯನ್ನು ಹಿಮ ಎಂದುಕೊಳ್ಳಿ, ಏನೂ ತಪ್ಪಿಲ್ಲ. ಬಿಳಿ ಕಾಗದದ ಮೇಲೆ ಇನ್ನೊಮ್ಮೆ ಬಿಳಿ ಬಳಿಯುವ ಅಗತ್ಯ ಅವರಿಗೆ ಕಾಣಲಿಲ್ಲ.

ಈಗ ಆನಿಯ ಮನೆಗೆ ಮರಳೋಣ. ಅವರ ಅಜ್ಜಿ ಪಿಟ್ಸಿಯೊಲಾಕ್ ಅಶೂನಾ. ಗಂಡ ತೀರಿಕೊಂಡ ಮೇಲೆ ಮಕ್ಕಳನ್ನು ಸಾಕಲು ಹೊಲಿಗೆ ಮಾಡಿದ ಹೆಂಗಸು. ಐವತ್ತು ದಾಟಿದ ಮೇಲೆ ಚಿತ್ರ ಶುರುಮಾಡಿ, 1983ರಲ್ಲಿ ಸಾಯುವಷ್ಟರಲ್ಲಿ ಏಳು ಸಾವಿರಕ್ಕೂ ಹೆಚ್ಚು ಚಿತ್ರ ಬರೆದಿದ್ದರು. ಡೇರೆ, ನಾಯಿಬಂಡಿ, ಹೊಲಿಗೆ, ಹಕ್ಕಿ, ಊರಿಂದೂರಿಗೆ ಹೋಗುವ ಸಂಸಾರ: ಹಳೆಯ ಬದುಕಿನ ಖುಷಿಯೇ ಜಾಸ್ತಿ. ಅವರ ಮಗಳು, ಆನಿಯ ತಾಯಿ ನಪಾಚಿ ಅದೇ ಬದುಕಿನ ಇನ್ನೊಂದು ಮುಖ ಬರೆದರು. ಹಸಿವು, ಬಲವಂತದ ಮದುವೆ, ಏಟು. ಚಿತ್ರದ ಮೇಲೆಯೇ ತಮ್ಮ ಲಿಪಿಯಲ್ಲಿ ವಿವರ ಬರೆಯುತ್ತಿದ್ದರು. ಮೊಮ್ಮಗಳು ಆನಿ ಹುಟ್ಟಿದ್ದು 1969ರಲ್ಲಿ. ಆ ಹೊತ್ತಿಗೆ ಬಿಡಾರದ ಕಾಲ ಮುಗಿದಿತ್ತು. ಆನಿ ತಾನು ಕಂಡದ್ದನ್ನೇ ಬರೆದರು. ಟೀವಿ ನೋಡುವ ಮಕ್ಕಳು, ಅಂಗಡಿಯ ಸಾಮಾನು, ಮನೆಯೊಳಗಿನ ಹೊಡೆತ. 2006ರಲ್ಲಿ ಕೆನಡಾದ 50 ಸಾವಿರ ಡಾಲರಿನ ಸೋಬಿ ಕಲಾ ಪ್ರಶಸ್ತಿ ಅವರಿಗೆ ಬಂತು. ಮರುವರ್ಷ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ ಪ್ರದರ್ಶನಕ್ಕೆ ಹೋದರು. ಇದು ಇನುಯಿಟ್ ಕಲೆಯೇ ಅಲ್ಲ ಎಂದು ಹೇಳುತ್ತಿದ್ದವರು ಆಮೇಲೆ ಸುಮ್ಮನಾಗಬೇಕಾಯಿತು.

ಅವರ ಒಂದು ಚಿತ್ರದಲ್ಲಿ ಅಜ್ಜಿಯ ಕನ್ನಡಕ ಮಾತ್ರ ಇದೆ. ದಪ್ಪ ಕಪ್ಪು ಫ್ರೇಮು. ಮುಖವಿಲ್ಲ, ಕೋಣೆಯಿಲ್ಲ. ಬಿಳಿ ಕಾಗದದ ನಡುವೆ ಕನ್ನಡಕ ಒಂದೇ. ಅಜ್ಜಿ ಹಕ್ಕಿಗೆ ಕೊಡುತ್ತಿದ್ದ ಜಾಗವನ್ನು ಮೊಮ್ಮಗಳು ಅಜ್ಜಿಯ ಕನ್ನಡಕಕ್ಕೆ ಕೊಟ್ಟಿದ್ದಾಳೆ. ಮಗಳಿಗೆ ಇದನ್ನು ತಪ್ಪದೆ ತೋರಿಸಿ. ಆನಿ 2016ರಲ್ಲಿ, 47ನೇ ವಯಸ್ಸಿನಲ್ಲಿ, ಆಟವಾದಲ್ಲಿ ತೀರಿಕೊಂಡರು. ಕೊನೆಯ ವರ್ಷಗಳು ಬಹಳ ಕಷ್ಟದವು. ಆ ಸಾವಿನ ಸುದ್ದಿಯನ್ನೇ ಮೊದಲಿಟ್ಟು ಅವರ ಬಗ್ಗೆ ಬರೆಯುವವರಿದ್ದಾರೆ. ಪ್ರಾಜೆಕ್ಟಿನಲ್ಲಿ ಹಾಗೆ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಮೊದಲು ಚಿತ್ರ ಇರಲಿ.

ಇಂದು ಬರೆಯುತ್ತಿರುವವರಲ್ಲಿ ನನ್ನ ಮೊದಲ ಹೆಸರು ಶುವಿನಾಯ್ ಅಶೂನಾ. 1961ರಲ್ಲಿ ಹುಟ್ಟಿದವರು. ಇವರೂ ಪಿಟ್ಸಿಯೊಲಾಕ್ ಅವರ ಮೊಮ್ಮಗಳೇ. ಮೊದಮೊದಲು ಕಪ್ಪು ಪೆನ್ನಿನಲ್ಲಿ ಕಲ್ಲುಗಳ ನೆಲವನ್ನು ಬರೆಯುತ್ತಿದ್ದರು, ಹಕ್ಕಿ ಮೇಲಿಂದ ನೋಡಿದ ಹಾಗೆ. ಒಂದೊಂದು ಕಲ್ಲಿಗೂ ಬೇರೆ ಬೇರೆ ಗೆರೆ. ಸುಮ್ನೆ ತುಂಬಿಸಿದ ಜಾಗ ಎಲ್ಲೂ ಸಿಗುವುದಿಲ್ಲ. ಹತ್ತಿರ ಹೋಗಿ ನೋಡಿದರೆ ಆ ದಡದಲ್ಲಿ ದಿನವೂ ನಡೆದವರಿಗೆ ಮಾತ್ರ ಗೊತ್ತಿರುವ ವ್ಯತ್ಯಾಸಗಳು ಅವು ಎಂದು ತಿಳಿಯುತ್ತದೆ. ಆಮೇಲೆ ಬಣ್ಣ ಬಂತು. ನೀಲಿ ಭೂಮಿಗೋಲಗಳು, ಬಳ್ಳಿಯಂಥ ಕೈಗಳ ಕಡಲ ಜೀವಿಗಳು, ಅರ್ಧ ಮನುಷ್ಯ ಅರ್ಧ ಪ್ರಾಣಿಗಳು, ಎಲ್ಲರೂ ಒಟ್ಟಿಗೆ ಸಂತೆಯಲ್ಲಿ ಸೇರಿದ ಹಾಗೆ. 2022ರ ವೆನಿಸ್ ಬಿನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ತೀರ್ಪುಗಾರರು ಅವರ ಕೆಲಸವನ್ನು ವಿಶೇಷವಾಗಿ ಹೆಸರಿಸಿದರು.

ಶುದ್ಧ ನಿಸರ್ಗಚಿತ್ರವೇ ಬೇಕೆಂದರೆ ಈಟಿ ಪೂಟೂಗೂಕ್ ಅವರನ್ನು ನೋಡಿ. 1951ರಿಂದ 2014ರವರೆಗೆ ಬದುಕಿದವರು. ಅವರಲ್ಲಿ ದಿಗಂತ ಉಂಟು. ನೀರು, ಮೇಲೆ ಒಂದು ಗೆರೆ, ಮೇಲೆ ಆಕಾಶ. ಪಕ್ಕದಲ್ಲಿ ಮರದ ಹಲಗೆಯ ಒಂದು ಮನೆ, ಕಿಟಕಿ. ಮಾತೇ ಇಲ್ಲದ ಚಿತ್ರಗಳು. ಪೆನ್ಸಿಲನ್ನು ಎಷ್ಟು ತಾಳ್ಮೆಯಿಂದ ಓಡಿಸಿದ್ದಾರೆಂದರೆ ಆಕಾಶದ ಬಣ್ಣ ಎಲ್ಲಿ ಬದಲಾಯಿತು ಎಂದು ಬೆರಳಿಟ್ಟು ತೋರಿಸಲಾಗದು.

ಟಿಮ್ ಪಿಟ್ಸಿಯುಲಾಕ್ ನಿಮ್ಮ ಮಗಳಿಗೆ ಖಂಡಿತ ಹಿಡಿಸುತ್ತಾರೆ. ಬೇಟೆಗಾರ, ಕೆನೊಜುವಾಕ್ ಅವರಿಗೆ ಸೋದರ ಸಂಬಂಧದ ಹುಡುಗ. ನೀರಿನೊಳಗೆ ಕ್ಯಾಮೆರಾ ಇಳಿಸಿ ತಿಮಿಂಗಿಲಗಳನ್ನು ನೋಡಿ, ದೊಡ್ಡ ಕಾಗದಗಳ ಮೇಲೆ ಬರೆದರು. ಕೆಲವು ಕಪ್ಪು ಕಾಗದದ ಮೇಲೆ. ಅಷ್ಟೇ ಪ್ರೀತಿಯಿಂದ ಊರಿನ ಬುಲ್ಡೋಜರ್, ಲೋಡರ್‌ಗಳನ್ನೂ ಬರೆದರು. 2013ರ ಕೆನಡಾದ 25 ಸೆಂಟಿನ ಒಂದು ನಾಣ್ಯದಲ್ಲಿ ಅವರ ತಿಮಿಂಗಿಲಗಳಿವೆ. 2016ರಲ್ಲಿ, ಐವತ್ತು ತುಂಬುವ ಮೊದಲೇ ಹೋಗಿಬಿಟ್ಟರು.

ಬಣ್ಣ ಬೇಕಾದರೆ ಊಲೂಸಿ ಸೈಲಾ. 1991ರಲ್ಲಿ ಹುಟ್ಟಿದವರು. ಅವರ ಬೆಟ್ಟಗಳು ಕೇಸರಿ, ನೇರಳೆ, ಹಸಿರು, ಗುಲಾಬಿ. ಕಲ್ಪನೆ ಅಂದುಕೊಳ್ಳಬೇಡಿ. ಅಲ್ಲಿಯ ಬೇಸಿಗೆ ಚಿಕ್ಕದು, ಹಗಲು ಮಾತ್ರ ಮುಗಿಯುವುದೇ ಇಲ್ಲ ಅನ್ನುವಷ್ಟು ಉದ್ದ. ಆಗ ಕಲ್ಲುಹೂವು, ಪಾಚಿ, ಪುಟ್ಟ ಹೂಗಳು ಬಂಡೆಯ ಮೇಲೆಲ್ಲ ಬಣ್ಣ ಚೆಲ್ಲುತ್ತವೆ. ಹಳೆಯ ಕಥೆಗಳಿಗೆ ನಿಂಗಿಯುಕುಲು ಟೀವಿ ಎಂಬವರು ಇದ್ದಾರೆ. ಇಗ್ಲೂಲಿಕ್ ಕಡೆಯ ಜರ್ಮೇನ್ ಅರ್ನಾಕ್ಟಾಯೊಕ್ ಇದ್ದಾರೆ. ನುನಾವುಟ್ ಹುಟ್ಟಿದ ವರ್ಷದ ಎರಡು ಡಾಲರ್ ನಾಣ್ಯದಲ್ಲಿ ತಮಟೆ ಹಿಡಿದು ಕುಣಿಯುವವನನ್ನು ಬರೆದದ್ದು ಇವರೇ.

ಕುಂಚ, ಬಣ್ಣ ಎಂದೇ ಹಟವಿದ್ದರೆ ಅದೂ ಇದೆ. ಪುಡ್ಲೊ ಪುಡ್ಲಾಟ್ 1970ರ ದಶಕದಲ್ಲೇ ಅಕ್ರಿಲಿಕ್ ಹಿಡಿದು, ಕಸ್ತೂರಿ ಎತ್ತಿನ ಪಕ್ಕದಲ್ಲಿ ವಿಮಾನ ಹಾರಿಸಿದರು. ಪಾಂಗ್‌ನಿರ್ಟುಂಗ್‌ನ ಎಲಿಸಪಿ ಇಶುಲುತಾಕ್ ಎಂಬತ್ತು ದಾಟಿದ ಮೇಲೆ ಎಣ್ಣೆಬಣ್ಣದ ಕಡ್ಡಿ ಹಿಡಿದು ಗೋಡೆಯಷ್ಟು ದೊಡ್ಡ ಚಿತ್ರ ಬರೆದರು. ಈಗಿನವರಲ್ಲಿ ಮೇಗನ್ ಕಯಾಕ್-ಮಾಂಟೀತ್. ಪಾಂಡ್ ಇನ್ಲೆಟ್‌ನಲ್ಲಿ ಹುಟ್ಟಿ, ಹ್ಯಾಲಿಫ್ಯಾಕ್ಸಿನಲ್ಲಿ ಕಲಿತವರು. ತಿಮಿಂಗಿಲ ಬೇಟೆ, ಒಟ್ಟಿಗೆ ಕೂತು ತಿಮಿಂಗಿಲದ ಚರ್ಮ ತಿನ್ನುವ ಜನ, ಬಾಲ್ಯದ ನೆನಪು, ಎಲ್ಲವನ್ನೂ ಎಣ್ಣೆಬಣ್ಣದಲ್ಲಿ ಬರೆಯುತ್ತಾರೆ. ಊರಿಂದ ದೂರ ಇದ್ದುಕೊಂಡು ಊರಿನ ಊಟವನ್ನು ನೆನೆಯುವ ಚಿತ್ರಗಳು. ನಿಮಗೆ ಬೇರೆ ವಿವರಣೆ ಬೇಕಾಗಲಾರದು, ಅಲ್ವಾ?

ಕೊಳ್ಳುವ ವಿಷಯ. ದೊಡ್ಡ ರೇಖಾಚಿತ್ರಗಳು ದುಬಾರಿ. ಹೊಸ ಪ್ರಿಂಟ್ ಕೆಲವು ನೂರು ಡಾಲರಿನಿಂದ ಸಿಗುತ್ತದೆ. ಕಿಂಗೈಟಿನವರು ಪ್ರತಿವರ್ಷ ಒಂದು ಹೊಸ ಸಂಗ್ರಹ ಬಿಡುಗಡೆ ಮಾಡುತ್ತಾರೆ, ಸಾಮಾನ್ಯವಾಗಿ ಅಕ್ಟೋಬರಿನಲ್ಲಿ. ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಹೆಸರು, ವಿಧಾನ, ವರ್ಷ, ಊರು, ಮತ್ತು 12/50 ಎಂಬಂಥ ಸಂಖ್ಯೆ ಇರಬೇಕು. ಅಂದರೆ ಐವತ್ತರಲ್ಲಿ ಹನ್ನೆರಡನೆಯದು. ಮೂಲೆಯಲ್ಲಿ ಇಗ್ಲೂ ಆಕಾರದ ಸಣ್ಣ ಕೆಂಪು ಮುದ್ರೆ ಕಂಡರೆ ಅದು ಕಿಂಗೈಟ್ ಸೊಸೈಟಿಯದು. ಶಿಲ್ಪ ಮತ್ತು ಕೈಕೆಲಸಕ್ಕೆ ಇಗ್ಲೂ ಟ್ಯಾಗ್ ಎಂಬ ಗುರುತಿದೆ. 1958ರಲ್ಲಿ ಸರ್ಕಾರ ಶುರುಮಾಡಿದ್ದು, 2017ರಿಂದ ಇನುಯಿಟ್ ಆರ್ಟ್ ಫೌಂಡೇಶನ್ ನೋಡಿಕೊಳ್ಳುತ್ತಿದೆ. ಪ್ರವಾಸಿ ಅಂಗಡಿಯ ಅಗ್ಗದ ಕರಡಿಗಳಲ್ಲಿ ಎಷ್ಟೋ ಅಚ್ಚಿನಲ್ಲಿ ಎರಕ ಹೊಯ್ದವು. ಕಲಾವಿದರ ಹೆಸರು ಹೇಳಲಾಗದ ಅಂಗಡಿಯಲ್ಲಿ ಕೊಳ್ಳಬೇಡಿ.

ಒಂದು ಸಣ್ಣ ಮಾತು. ಪ್ರಾಜೆಕ್ಟಿನಲ್ಲಿ ಎಸ್ಕಿಮೋ ಎಂದು ಬರೆಯುವುದು ಬೇಡ. ಅದು ಹೊರಗಿನವರು ಇಟ್ಟ ಹೆಸರು, ಕೆನಡಾದಲ್ಲಿ ಅವರಿಗದು ನೋವು ತರುತ್ತದೆ. ಇನುಯಿಟ್ ಎಂದರೆ ಜನ. ಒಬ್ಬರಾದರೆ ಇನುಕ್.

ನೋಡಲು ನಿಮಗೆ ಹತ್ತಿರದ ಜಾಗ ಕ್ಲೈನ್‌ಬರ್ಗ್‌ನ ಮ್ಯಾಕ್‌ಮೈಕಲ್ ಸಂಗ್ರಹಾಲಯ. ಕಿಂಗೈಟ್ ಸೊಸೈಟಿಯ ಸುಮಾರು ಒಂದು ಲಕ್ಷ ರೇಖಾಚಿತ್ರಗಳು ಅವರ ಸುಪರ್ದಿಯಲ್ಲಿವೆ. ಎಲ್ಲವೂ ಗೋಡೆಯ ಮೇಲಿರುವುದಿಲ್ಲ, ಈಗ ಏನು ಇಟ್ಟಿದ್ದಾರೆ ಎಂದು ಮೊದಲೇ ವಿಚಾರಿಸಿ ಹೋಗಿ. ಮುಂದೆ ಎಂದಾದರೂ ವಿನಿಪೆಗ್‌ಗೆ ಹೋದರೆ ಕೌಮಾಯುಕ್ ನೋಡಿ. 2021ರಲ್ಲಿ ತೆರೆದ ಇನುಯಿಟ್ ಕಲಾಕೇಂದ್ರ. ಮೂರು ಅಂತಸ್ತಿನ ಗಾಜಿನ ಉಗ್ರಾಣದಲ್ಲಿ ಸಾವಿರಾರು ಶಿಲ್ಪಗಳು ಹೊರಗಿನಿಂದಲೇ ಕಾಣುತ್ತವೆ.

ಮಗಳಿಗೆ ಕನ್ನಡ ಕಾಗುಣಿತ ಬರುತ್ತದೆಯೇ? ಬಂದರೆ ಅವಳಿಗೊಂದು ಆಟ ಹೇಳಿಕೊಡಿ. ಇನುಯಿಟ್ ಸಹಿಗಳು ಸಾಮಾನ್ಯವಾಗಿ ಅವರದೇ ಲಿಪಿಯಲ್ಲಿರುತ್ತವೆ. ನಾವು ಅಕ್ಷರಕ್ಕೆ ಗುಡಿಸು, ಕೊಂಬು ಸೇರಿಸಿ ಸ್ವರ ಬದಲಿಸುತ್ತೇವೆ. ಅವರು ಅಕ್ಷರವನ್ನೇ ತಿರುಗಿಸುತ್ತಾರೆ. ಒಂದು ಬದಿ ತೆರೆದ ತ್ರಿಕೋನದ ತುದಿ ಎಡಕ್ಕಿದ್ದರೆ ಪ. ಬಲಕ್ಕಿದ್ದರೆ ಪು. ಮೇಲಕ್ಕಿದ್ದರೆ ಪಿ. ಹಳೆಯ ಒಂದು ಪ್ರಿಂಟಿನ ಮೂಲೆಯಲ್ಲಿ, ಸಹಿಯ ಮೊದಲಲ್ಲೇ ಡೇರೆಯ ಹಾಗೆ ಮೇಲಕ್ಕೆ ಚೂಪಾದ ಗುರುತು ಕಂಡರೆ ಅವಳನ್ನು ಓದಲು ಬಿಡಿ. ಪಿಟ್ಸಿಯೊಲಾಕ್ ಅಜ್ಜಿ ಆಗಿರಬಹುದು.